ಗೋಡೆ ಬಿಟ್ಟು ಹೋದ ಜಿಂಕೆ

ಬೆಳಗ್ಗೆ ಗುಹೆಯ ಬೀಗ ತೆಗೆದ ಕಾವಲುಗಾರ ಒಳಗೆ ಹೋದಷ್ಟೇ ಬೇಗ ಹೊರಗೆ ಓಡಿಬಂದ. ಗೋಡೆಯ ಮೇಲಿದ್ದ ಕೆಂಪು ಜಿಂಕೆ ಇರಲಿಲ್ಲ. ಸಾವಿರಾರು ವರ್ಷಗಳ ಹಿಂದೆ ಯಾರೋ ಬರೆದ ಚಿತ್ರ. ಊರಿನ ಅರ್ಧ ಜನಕ್ಕೆ ಅದೇ ಅನ್ನ.

ಮುನ್ನೂರು ಮೆಟ್ಟಿಲು ಹತ್ತುವಷ್ಟರಲ್ಲಿ ಇನ್ಸ್‌ಪೆಕ್ಟರಮ್ಮನ ಮಂಡಿಗಳು ಪದ ಹೇಳುತ್ತಿದ್ದವು. ಆರು ವರ್ಷದ ಹಿಂದೆ ಆಕೆ ವರ್ಗವಾಗಿ ಬಂದಾಗ ಇಲ್ಲಿ ಬರೀ ಕಾಲುದಾರಿ. ಈಗ ಬಸ್ಸು ನಿಲ್ಲಿಸುವ ಜಾಗಕ್ಕೆ ದಿನಾ ಜಗಳ. ಬಿಡಿಸಿ ಬಿಡಿಸಿ ಸಾಕಾಗಿತ್ತು.

"ಗೈಡ್‌ದೇ ಕೆಲಸ ಮೇಡಂ," ಎಂದರು ಮ್ಯಾನೇಜರ್. ಮೊದಲು ಡ್ರಾಯಿಂಗ್ ಮೇಷ್ಟರಾಗಿದ್ದವರು. ಹನ್ನೆರಡು ವರ್ಷದಿಂದ ಗುಹೆಯ ಉಸ್ತುವಾರಿ ಅವರದೇ. "ದಿನಕ್ಕೆ ಐವತ್ತು ಜನ ಸಾಕು, ಇಲ್ಲಾಂದ್ರೆ ಬಾಗಿಲು ಮುಚ್ಚಿಸ್ತೀನಿ ಅಂತ ಕೂಗಾಡ್ತಿದ್ದ. ಊರೆಲ್ಲ ಕೇಳಿದೆ."

ಆಕೆ ಗೋಡೆಯ ಹತ್ತಿರ ಮೂಗು ತಂದಳು. ಬಣ್ಣ ಕರಗಿಸುವ ಥಿನ್ನರ್ ವಾಸನೆ. ಕೆಳಗಿನ ಬಿರುಕಿನಲ್ಲಿ ಕೆಂಪಗೆ ಏನೋ ಅಂಟಿತ್ತು. ಕೆರೆದು ಕಾಗದದಲ್ಲಿ ಕಟ್ಟಿಕೊಂಡಳು.

*

ಗೈಡ್ ಮನೆಯ ಕಿಟಕಿಗೆ ಬಣ್ಣ ಬಳಿಯುತ್ತಿದ್ದ. ಪಕ್ಕದಲ್ಲೇ ಥಿನ್ನರ್ ಡಬ್ಬಿ. ಇನ್ಸ್‌ಪೆಕ್ಟರಮ್ಮನ ಜೊತೆ ಬಂದಿದ್ದ ಪೇದೆಯ ಕಣ್ಣು ಅರಳಿತು.

"ನಿನ್ನೆ ಸಂಜೆ ಎಲ್ಲಿದ್ದೆ?" ಎಂದಳು ಇನ್ಸ್‌ಪೆಕ್ಟರಮ್ಮ.

"ಅಕ್ಕನ ಮನೇಲಿ. ಮೇಡಂ, ನಾನ್ಯಾಕೆ ಅಳಿಸ್ಲಿ? ಅದು ಉಳೀಲಿ ಅಂತ ತಾನೆ ಕೂಗಾಡಿದ್ದು? ಚಿತ್ರ ಎಷ್ಟು ಸವೆದಿದೆ ಅಂತ ಪರೀಕ್ಷೆ ಮಾಡೋಕೆ ನಾಳೆ ತಜ್ಞರು ಬರ್ತಿದಾರೆ. ಕಾಗದ ಬರೆದು ಕರೆಸಿದ್ದೇ ನಾನು."

"ಗುಹೆಯ ಕೀಲಿ?"

"ಜಗಳ ಆದ್ಮೇಲೆ ಮ್ಯಾನೇಜರ್ ಕಿತ್ಕೊಂಡ್ರು."

ಪೇದೆ ಡಬ್ಬಿ ಎತ್ತಿಕೊಳ್ಳಲು ಹೋದ. ಆಕೆ ಬೇಡವೆಂದು ತಲೆಯಾಡಿಸಿದಳು.

*

"ಬೀಗ ಒಡೆದಿಲ್ಲ ಮೇಷ್ಟ್ರೇ," ಎಂದಳು ಮ್ಯಾನೇಜರ್ ಎದುರು ಕೂತು. "ಗೈಡ್ ಕೀಲಿ ನಿಮ್ಮ ಹತ್ರ. ಕಾವಲುಗಾರ ತನ್ನದನ್ನ ಸಂಜೆ ನಿಮ್ಮ ಕೈಗೇ ಕೊಟ್ಟು ಹೋಗ್ತಾನೆ."

ಅವರ ಕಣ್ಣು ಮೇಜಿನ ಖಾನೆಯತ್ತ ಹೋಯಿತು.

"ಕಲ್ಲಿಗೆ ಇಂಗಿದ ಹಳೇ ಬಣ್ಣ ಥಿನ್ನರಿಗೆ ಬಗ್ಗೋದಿಲ್ಲ. ಬಗ್ಗೋದು ಅಂಗಡಿ ಬಣ್ಣ. ಬಿರುಕಲ್ಲಿ ಸಿಕ್ಕಿದ್ದೂ ಅದೇ. ಚಿತ್ರ ಹಾಗೇ ಇದ್ದಿದ್ರೆ ನಾಳೆ ತಜ್ಞರ ಮುಂದೆ ಬಯಲಾಗ್ತಿತ್ತು. ಕರೆಸಿದವನಿಗೆ ಯಾವ ಭಯ? ಭಯ ಬಳಿದವನಿಗೆ. ಈ ಬೆಟ್ಟದಲ್ಲಿ ಕುಂಚ ಹಿಡಿದು ಪಳಗಿದ ಕೈ ಯಾವುದು?"

ಮ್ಯಾನೇಜರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮೊದಲನೇ ವರ್ಷ ಕೊಂಬು ಮಾಸಿತು. ಬೇಡ ಅಂದ್ರೂ ಬಂದವರೆಲ್ಲ ಮುಟ್ಟೋರು. ಸ್ವಲ್ಪ ತಿದ್ದಿದೆ. ಮರುವರ್ಷ ಕಾಲು. ಆಮೇಲೆ ಬೆನ್ನು. ಒಂದು ದಿನ ನೋಡ್ತೀನಿ, ಹಳೇದು ಒಂದು ಗೆರೆಯೂ ಇಲ್ಲ. ಬರೀ ನನ್ನ ಜಿಂಕೆ. ಖಾಲಿ ಗೋಡೆ ನೋಡೋಕೆ ಯಾರು ಬರ್ತಾರೆ ಮೇಡಂ?"

"ಅದಕ್ಕೆ ತಜ್ಞರ ಕೈಗೆ ಸಿಗದ ಹಾಗೆ ಅಳಿಸಿ, ಗೈಡ್ ತಲೆಗೆ ಕಟ್ಟಿದ್ರಿ."

ಮ್ಯಾನೇಜರ್ ಖಾನೆಯಿಂದ ಗೈಡ್‌ನ ಕೀಲಿ ತೆಗೆದು ಆಕೆಯ ಮುಂದಿಟ್ಟರು. ಕಳ್ಳ ಸಿಕ್ಕ ಖುಷಿ ಆಕೆಗಿರಲಿಲ್ಲ.

*

ಮರುದಿನ ತಜ್ಞರು ದೀಪ ಹಿಡಿದು ಗಂಟೆಗಟ್ಟಲೆ ಹುಡುಕಿದರು. ಏನೂ ಉಳಿದಿರಲಿಲ್ಲ.

ಮಧ್ಯಾಹ್ನ ಪ್ರವಾಸಿಗಳನ್ನು ಒಳಗೆ ಬಿಟ್ಟರು. ಎಲ್ಲರಿಗಿಂತ ಮುಂದಿದ್ದ ಹೆಂಗಸು ಗೋಡೆಗೆ ಕೈ ಊರಿ ಏದುಸಿರು ಬಿಡುತ್ತಾ ಕೇಳಿದಳು. "ಜಿಂಕೆ ಎಲ್ಲಪ್ಪಾ?"

ಗೈಡ್ ಇನ್ಸ್‌ಪೆಕ್ಟರಮ್ಮನ ಮುಖ ನೋಡಿದ. ಆಕೆ ಏನೂ ಹೇಳಿಕೊಡಲಿಲ್ಲ.

"ಇತ್ತಮ್ಮ," ಎಂದ. "ನಾವೆಲ್ಲ ಮುಟ್ಟಿ ಮುಟ್ಟಿ ಸವೆಸಿಬಿಟ್ವಿ."

ಹೆಂಗಸು ಗೋಡೆಯಿಂದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು.