ವಜಾ ಆದ ದಸರಾ

೨೦೫೮ರ ದಸರಾ ರಜೆ ಶುರುವಾಗುವ ಹಿಂದಿನ ಸಂಜೆ ‘ಸರಿದೂಗು’ ಯಂತ್ರವು ರಾಜ್ಯದಲ್ಲಿ ಬೇರೆಯಾದ ಅಪ್ಪ-ಅಮ್ಮಂದಿರ ನಡುವಿನ ಮಕ್ಕಳ ರಜೆಯ ಲೆಕ್ಕವನ್ನೆಲ್ಲ ಚುಕ್ತಾ ಮಾಡಿ ಮುಗಿಸಿತು. ಯಾರೂ ಯಾರಿಗೂ ಫೋನ್ ಮಾಡಲಿಲ್ಲ, ಯಾರ ಮನೆ ಬಾಗಿಲಲ್ಲೂ ಕೂಗಾಟವಾಗಲಿಲ್ಲ. ಅದನ್ನು ಕಂಡುಹಿಡಿದ ಶರ್ವಾಣಿ ದಾವಣಗೆರೆಯ ತನ್ನ ಮನೆಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದಳು. ಪಾಪ, ಅವಳ ನೆಮ್ಮದಿ ಆ ಲೋಟ ಖಾಲಿಯಾಗುವವರೆಗಷ್ಟೇ.

ಯಂತ್ರದ ಗುಟ್ಟು ಬ್ಯಾಂಕಿನದು. ನಾವು ಮೊಬೈಲಿನಲ್ಲಿ ಹಣ ಕಳಿಸಿದಾಗ ನೋಟಿನ ಕಂತೆಯೇನೂ ತಂತಿಯೊಳಗೆ ಓಡುವುದಿಲ್ಲ, ಓಡುವುದು ಬರೀ ಸಂದೇಶ. ಈ ಬ್ಯಾಂಕು ಆ ಬ್ಯಾಂಕಿಗೆ ಕೊಡಬೇಕಾದದ್ದನ್ನೂ ಅದು ಇದಕ್ಕೆ ಕೊಡಬೇಕಾದದ್ದನ್ನೂ ನಡುವಿನ ಸಂಸ್ಥೆಯೊಂದು ಒಂದಕ್ಕೊಂದು ವಜಾ ಹಾಕಿ, ಅಂದರೆ ಒಂದರಲ್ಲಿ ಇನ್ನೊಂದನ್ನು ಕಳೆದು, ಉಳಿದ ವ್ಯತ್ಯಾಸವನ್ನು ಮಾತ್ರ ದಾಟಿಸುತ್ತದೆ. ಎರಡೂ ಸಮವಾದರೆ ಏನೂ ದಾಟುವುದಿಲ್ಲ. ಶರ್ವಾಣಿ ವರ್ಷಗಟ್ಟಲೆ ಬ್ಯಾಂಕುಗಳಿಗೆ ಇದೇ ಕೆಲಸ ಮಾಡಿದವಳು. ಗಂಡ ಚನ್ನವೀರನಿಂದ ಬೇರೆಯಾದ ಮೇಲೆ ಮಗಳ ರಜೆಗಾಗಿ ಫೋನಿನಲ್ಲಿ ಕಿತ್ತಾಡಿ ಕಿತ್ತಾಡಿ ಸಾಕಾಗಿ, ರೂಪಾಯಿಯ ಜಾಗದಲ್ಲಿ ರಜೆಯ ದಿನಗಳನ್ನಿಟ್ಟಳು. ಜನ ಹಾಡಿ ಹೊಗಳಿದರು.

“ಅಮ್ಮಾ, ಅಪ್ಪ ಎಷ್ಟೊತ್ತಿಗೆ ಬರ್ತಾರೆ?”

ಹತ್ತು ವರ್ಷದ ಇಂಚರ ಬ್ಯಾಗು ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದಳು. ಚನ್ನವೀರ ಹೊಸಪೇಟೆಯಲ್ಲಿ ಬಸ್ ಡ್ರೈವರು. ಆಯುಧಪೂಜೆಯ ದಿನ ಡಿಪೋದಲ್ಲಿ ಬಸ್ಸಿಗೆ ಬಾಳೆಕಂದು ಕಟ್ಟಿ, ಮಗಳ ಕೈಯಿಂದಲೇ ಬೂದುಗುಂಬಳ ಒಡೆಸುವುದು ಪ್ರತಿವರ್ಷದ ರೂಢಿ. ಅದಕ್ಕಾಗಿ ಹುಡುಗಿ ವಾರದಿಂದ ಕುಣಿಯುತ್ತಿದ್ದಳು.

ಶರ್ವಾಣಿ ಪರದೆ ನೋಡಿದಳು. ಬೇಸಿಗೆಯಲ್ಲಿ ಅವನು ಮಗಳನ್ನು ಹೆಚ್ಚು ದಿನ ಇಟ್ಟುಕೊಂಡಿದ್ದ, ಆ ಬಾಕಿಗೆ ದಸರಾ ವಜಾ ಆಗಿತ್ತು. ಮೊನ್ನೆ ಯಂತ್ರ ಒಪ್ಪಿಗೆ ಕೇಳಿದಾಗ ಮೀಟಿಂಗಿನ ನಡುವೆ ಸರಿಯಾಗಿ ನೋಡದೆಯೇ ‘ಸರಿ’ ಎಂದು ಒತ್ತಿದ್ದು ಅವಳೇ. ಮಗುವಿಗೆ ತಿಳಿಸುವ ಏರ್ಪಾಡನ್ನಂತೂ ಯಂತ್ರದೊಳಗೆ ಅವಳು ಮಾಡಿರಲೇ ಇಲ್ಲ. ಅಯ್ಯೋ, ಎಂಥ ಕೆಲಸ ಮಾಡಿಬಿಟ್ಟೆ ಎಂದುಕೊಂಡಳು.

ಒಳಗೆ ಹೋಗಿ, ಎಷ್ಟೋ ಕಾಲದ ಮೇಲೆ, ಚನ್ನವೀರನಿಗೆ ಫೋನ್ ಮಾಡಿದಳು.

“ನೀನೇ ಕಳ್ಸೋದು ಬ್ಯಾಡ ಅಂದಿ ಅಂತ ತಿಳ್ಕಂಡೆ,” ಎಂದ ಅವನು. “ಮನಸ್ಸಿಗೆ ಭಾಳ ಬ್ಯಾಸರಾತು. ನಾನೂ ಒತ್ತಿಬಿಟ್ಟೆ. ಮನ್ಯಾಗ ಒಬ್ನೇ ಕುಂತು ಏನ್ಮಾಡ್ಲಿ ಅಂತ ದಸರಾ ಸ್ಪೆಷಲ್ ಬಸ್ಸಿಗೆ ಡ್ಯೂಟಿ ಹಾಕಿಸ್ಕಂಡು ಮೈಸೂರಿಗೆ ಬಂದೀನಿ.”

“ನನ್ನನ್ನ ಒಂದು ಮಾತು ಕೇಳಬಾರ್ದಿತ್ತಾ ರೀ?”

“ಕೇಳೋದು ಎಲ್ಲಿ ಉಳಿಸಿದ್ದಿ ನೀನು?”

ಶರ್ವಾಣಿ ಫೋನ್ ಇಟ್ಟಳು. ಎರಡು ಮನೆಗಳ ನಡುವೆ ಮಾತೇ ಬೇಡವೆಂದು ಹಟ ತೊಟ್ಟು ಯಂತ್ರ ಕಟ್ಟಿದವಳು ಅವಳೇ ತಾನೆ.

ಇಂಚರಳನ್ನು ಹತ್ತಿರ ಕೂರಿಸಿಕೊಂಡು, ಅಪ್ಪ ಬರುವುದಿಲ್ಲ ಎಂದು ಹೇಳಿದಳು. ರಂಪ ಮಾಡುತ್ತಾಳೆಂದು ಹೆದರಿದ್ದಳು. ಹುಡುಗಿ ಅಳಲಿಲ್ಲ. ಅಮ್ಮನ ಮುಖವನ್ನೇ ನೋಡಿ ಕೇಳಿದಳು:

“ಈ ಸಲ ನೀವಿಬ್ರೂ ನನಗೋಸ್ಕರ ಜಗಳಾನೂ ಆಡ್ಲಿಲ್ವಾ?”

ಮಗಳು ಬ್ಯಾಗು ಇಳಿಸಿ ಒಳಗೆ ಹೋದಳು.

ಫೋನ್ ಎತ್ತಿ ‘ಮಗೂನ ಯಾವಾಗ ಕಳಿಸ್ತೀಯಾ?’ ಎಂದು ರೇಗಾಡುವ ಕಾಲವೊಂದಿತ್ತು. ಈ ಕತೆ ಓದುತ್ತಿರುವ ನಾವಿನ್ನೂ ಆ ಕಾಲದಲ್ಲೇ ಇದ್ದೇವೆ. ಆ ಗದ್ದಲ ಕೇಳಿಸಿಕೊಂಡೇ ಒಂದು ಮಗು ತಾನು ಇಬ್ಬರಿಗೂ ಬೇಕು ಎಂದು ತಿಳಿದುಕೊಳ್ಳುತ್ತಿತ್ತು ಎಂಬುದು, ಗದ್ದಲವನ್ನು ಇಲ್ಲವಾಗಿಸಿದವಳಿಗೆ ಗೊತ್ತಾದದ್ದು ಅಂದು.