ಕಿವಿಬಿಲ್ಲೆ ಇಲ್ಲದ ಮರಿ

೨೦೧೪ರ ಮಾರ್ಚ್ ಹತ್ತು, ಸೋಮವಾರ ಬೆಳಿಗ್ಗೆ ಕೌಂಟಿ ಠಾಣೆಗೆ ದೂರು ಬಂತು. ಫುಲ್‌ಶೀರ್ ಊರಿನ ಆಚೆ ಹಾಲಿನ ಕುರಿಗಳ ಫಾರ್ಮ್ ನಡೆಸುವ ಹುಬ್ಬಳ್ಳಿಯ ಸಿದ್ಧಾರೂಢ ಅವರ ಕೊಟ್ಟಿಗೆಯಿಂದ ಒಂದು ಹೆಣ್ಣುಮರಿ ಕಳವಾಗಿತ್ತು. ಕನ್ನಡ ಬರುತ್ತದೆಂಬ ಕಾರಣಕ್ಕೆ ಕೇಸು ಡಿಟೆಕ್ಟಿವ್ ಗುರುರಾಜ್ ಪಾಲಿಗೆ ಬಿತ್ತು.

"ಯಾವ ಮರಿ?" ಎಂದು ಸಿದ್ಧಾರೂಢರನ್ನು ಕೇಳಿದ.

"ಇವತ್ತ ಕೊಲ್ಲಬೇಕಿದ್ದ ಮರಿರಿ."

ಗುರುರಾಜ್ ಬರೆಯುವುದನ್ನು ನಿಲ್ಲಿಸಿದ.

ಫಾರ್ಮಿನ ಕುರಿಗಳ ಜೀನ್ ನಕ್ಷೆ ತಯಾರಾಗುತ್ತಿತ್ತು. ಯಾವುದಕ್ಕೆ ಹಾಲು ಹೆಚ್ಚು, ಯಾವುದಕ್ಕೆ ರೋಗ ಬರಬಹುದು ಎಂದು ಲ್ಯಾಬಿನವರು ರಕ್ತ ನೋಡಿ ಹೇಳುತ್ತಿದ್ದರು. ಈ ಮರಿ ಕಾಲು ಸೊಟ್ಟಗಾಗಿ ನರಳುವುದು ಖಚಿತ ಎಂದು ವರದಿ ಬಂದಿತ್ತು.

ಸ್ಥಳ ಮಹಜರಿನಲ್ಲಿ ಕಂಡದ್ದು ಇಷ್ಟು: ಬೀಗ ಒಡೆದಿರಲಿಲ್ಲ. ಮರಿಯ ಜೊತೆ ಹಾಲು ಕುಡಿಸುವ ಬಾಟಲಿಯೂ ಮಾಯವಾಗಿತ್ತು. ಮಾಂಸಕ್ಕೆ ಕದ್ದವರು ಬಾಟಲಿ ಒಯ್ಯುವುದಿಲ್ಲ.

"ಹಾಲು ಯಾರು ಕುಡಿಸ್ತಿದ್ರು?"

"ಹಂಸಾ ಡಾಕ್ಟರು. ಮಕ್ಕಳ ಡಾಕ್ಟರ್ ಇದ್ರು, ಈಗ ರಿಟೈರ್ ಆಗ್ಯಾರ. ತಾಯಿ ಸೇರಿಸದ ಮರಿ ಅಂತ ದಿನಾ ಬಂದು ಕುಡಸ್ತಿದ್ರು. ನಿನ್ನೆ ಜಾರ್ಜ್‌ಟೌನ್‌ಗೆ ಮಗಳ ಮನಿಗೆ ಹೋದ್ರು."

"ಕೀಲಿ?"

"ಅವರ ಕಡೆನೂ ಒಂದ ಐತ್ರಿ," ಎಂದರು ಸಿದ್ಧಾರೂಢ, ಮನಸ್ಸಿಲ್ಲದೆ.

ಆ ಮಧ್ಯಾಹ್ನ ಆಸ್ಟಿನ್ ದಾಟಿ ಜಾರ್ಜ್‌ಟೌನ್ ಮುಟ್ಟಿದಾಗ, ಮಗಳ ಮನೆಯ ಗರಾಜಿನಿಂದ ಮರಿಯ ಕೂಗು ಕೇಳಿಸಿತು. ಅದರ ಕಿವಿಯಲ್ಲಿ ಫಾರ್ಮಿನ ನಂಬರಿನ ಬಿಲ್ಲೆ ಇರಲಿಲ್ಲ, ತೂತು ಮಾತ್ರ ಇತ್ತು.

"ಇದು ಎಲ್ಲಿಂದ ಬಂತು, ಆಂಟಿ?"

"ಆಸ್ಟಿನ್ ಹತ್ರ ಯಾರೋ ಕೊಟ್ರು."

"ಯಾರು?"

ಹಂಸಾ ಬಗ್ಗಿ ಮರಿಯ ಬೆನ್ನು ಸವರಿದರು.

"ಇದರ ರಕ್ತ ತೆಗೆಸಿ ಫಾರ್ಮಿನ ಕುರಿಗಳ ಜೊತೆ ಹೋಲಿಸ್ತೀವಿ. ತಾಯಿ ಯಾವುದು ಅಂತ ಗೊತ್ತಾಗತ್ತೆ."

ಅವರು ಹೆದರುತ್ತಾರೆ ಎಂದುಕೊಂಡಿದ್ದ. ಆದರೆ ಆ ಬಿಗಿದ ಮುಖ ಸಡಿಲವಾಯಿತು. "ಹೊಸದಾಗಿ ತೆಗೆಸ್ತೀರಾ? ಎಲ್ಲಾ ಜೀನ್‌ನೂ ನೋಡ್ತಾರಾ?"

"ನೋಡ್ತಾರೆ."

"ಒಳ್ಳೇದಾಯ್ತು," ಎಂದು ಅವರೇ ಮರಿಯನ್ನು ಎತ್ತಿ ಕೊಟ್ಟರು.

ಮುಂದಿನ ವಾರ ವರದಿ ಬಂತು. ತಾಯಿ ಸಿದ್ಧಾರೂಢರ ಕುರಿಯೇ, ಕಳವು ಸಾಬೀತಾಯಿತು. ಕೆಳಗೆ ಇನ್ನೊಂದು ಸಾಲಿತ್ತು: ಕಾಲು ಸೊಟ್ಟಗಾಗುವ ಜೀನ್ ಈ ಮರಿಯಲ್ಲಿ ಇಲ್ಲವೇ ಇಲ್ಲ. ಮೊದಲ ಸಲ ರಕ್ತದ ಸೀಸೆಗೆ ತಪ್ಪು ಚೀಟಿ ಅಂಟಿತ್ತು. ಅದು ಆಗಲೇ ಸತ್ತಿದ್ದ ಬೇರೊಂದು ಮರಿಯ ರಕ್ತ.

ಗುರುರಾಜ್ ಫೋನ್ ಮಾಡಿ ಸಿದ್ಧಾರೂಢರಿಗೆ ಇದನ್ನು ತಿಳಿಸಿದ.

"ಸುಮ್ನ ಕೊಂದಬಿಡ್ತಿದ್ದೆನಲ್ರಿ. ಕೇಸ ಬಿಟ್ಟಬಿಡ್ರಿ."

"ಅದು ನನ್ನ ಕೈಲಿಲ್ಲ. ಇದನ್ನೇ ಜಡ್ಜ್ ಮುಂದೆ ಹೇಳಿ."

"ಹೇಳ್ತೀನ್ರಿ. ಖಂಡಿತ ಹೇಳ್ತೀನಿ."

ವಾರಂಟ್ ಹಿಡಿದು ಹೋದಾಗ ಹಂಸಾ ಮಗಳ ಮನೆಯ ಜಗಲಿಯಲ್ಲೇ ಕೂತಿದ್ದರು.

"ಯಾಕೆ ಹೀಗೆ ಮಾಡಿದ್ರಿ, ಆಂಟಿ?"

"ಅದರ ಕಾಲು ನೆಟ್ಟಗಿತ್ತಪ್ಪ. ಇನ್ನೊಂದು ಸಲ ಟೆಸ್ಟ್ ಮಾಡ್ಸಿ ಅಂತ ಸಿದ್ಧಾರೂಢರಿಗೆ ಅಂದೆ, ಟೈಮ್ ಇಲ್ಲ ಅಂದ್ರು. ಒಂದೇ ರಿಪೋರ್ಟ್ ನಂಬಿ ಯಾವ ತಾಯಿಗೂ ನಾನು ಕೆಟ್ಟ ಸುದ್ದಿ ಹೇಳಿದವಳಲ್ಲ."

ಗುರುರಾಜ್ ವರದಿಯ ಆ ಕೆಳಗಿನ ಸಾಲನ್ನು ಕನ್ನಡದಲ್ಲಿ ಬಿಡಿಸಿ ಹೇಳಿದ. ಅವರು ಕನ್ನಡಕ ತೆಗೆದು, ಸೆರಗಿನಿಂದ ಕಣ್ಣೊರೆಸಿಕೊಂಡು, ತಾವೇ ನಡೆದು ಬಂದು ಕಾರು ಹತ್ತಿದರು. ಕೈಗೆ ಬೇಡಿ ಹಾಕುವ ಪ್ರಶ್ನೆ ಬರಲಿಲ್ಲ.

ಆಸ್ಟಿನ್ ದಾಟುವ ಮೊದಲೇ ಹಿಂದಿನ ಸೀಟಿನಲ್ಲಿ ಹಂಸಾ ನಿದ್ದೆ ಹೋಗಿದ್ದರು. ಗುರುರಾಜ್ ರೇಡಿಯೋದ ಸದ್ದು ತಗ್ಗಿಸಿದ.