ಸೇತುವೆಯ ಮೇಲಿನ ಮುದುಕ ಕಾಣೆ

ಹದಿನಾಲ್ಕನೇ ತಾರೀಕು ಬೆಳಿಗ್ಗೆ 9.40ಕ್ಕೆ ಠಾಣೆಗೆ ದೂರು ಬಂತು: ಮುದುಕನೊಬ್ಬ ಕಾಣೆಯಾಗಿದ್ದಾನೆ.

"ವಯಸ್ಸೆಷ್ಟು?" ಕಾನ್‌ಸ್ಟೆಬಲ್ ಪೆನ್ನು ತೆಗೆದ.

"ಮುನ್ನೂರು ವರ್ಷ ಇರಬಹುದು," ಎಂದಳು ಚಿತ್ರಸಂಗ್ರಹಾಲಯದ ಮೇಲ್ವಿಚಾರಕಿ. "ಚೀನಾದ ಮಸಿಚಿತ್ರದೊಳಗಿದ್ದ. ಸೇತುವೆ ಮೇಲೆ, ಕೋಲು ಹಿಡ್ಕೊಂಡು."

ಇನ್‌ಸ್ಪೆಕ್ಟರ್ ನಗಲಿಲ್ಲ. ಚಿತ್ರ ಎರವಲು ತಂದದ್ದು, ಕೀಲಿ ಆಕೆಯೊಬ್ಬಳ ಬಳಿ. ನಾಳೆ ಮಾಲೀಕರು ಬಂದರೆ ಕಳ್ಳಿ ಎಂಬ ಹೆಸರು ಆಕೆಗೇ. ಎಫ್‌ಐಆರ್ ದಾಖಲಾಯಿತು.

10.30ಕ್ಕೆ ಸಂಗ್ರಹಾಲಯದಲ್ಲಿ ಪಂಚನಾಮೆ. ಬೆಟ್ಟ, ತೊರೆ, ಸೇತುವೆ ಎಲ್ಲ ಇದ್ದವು. ಮಸಿ ಮಾತ್ರ ತುಸು ಮಂಕು. ಕಾನ್‌ಸ್ಟೆಬಲ್‌ಗೆ ಬಂದ ಕೆಲಸವೇ ಮರೆತುಹೋಯಿತು.

"ಸಾರ್, ಇಲ್ನೋಡಿ! ಮಂಜು ಬರೆದೇ ಇಲ್ಲ, ಬರೀ ಖಾಲಿ ಕಾಗದ! ಆದ್ರೂ ಮಂಜು ಕಾಣ್ತಿದೆ!"

"ಬಾಯಿ ಮುಚ್ಕೊಂಡು ಅಳತೆ ತಗೊಳ್ಳಯ್ಯ," ಎಂದ ಇನ್‌ಸ್ಪೆಕ್ಟರ್ ತಾನೇ ಐದು ನಿಮಿಷ ಕಣ್ಣು ಕೀಳಲಿಲ್ಲ. "ನಕಲಾ, ಮೇಡಂ?"

"ಅಲ್ಲ. ಒಂದೊಂದು ಗೆರೆನೂ ಅದೇ ಕೈಯದ್ದು. ಅದೇ ತಲೆ ಕೆಡ್ಸಿರೋದು."

ದಾಖಲೆ ಪುಸ್ತಕದಲ್ಲಿ 'ಎರಡು ಪದರದ ಕಾಗದ' ಎಂದಿತ್ತು. ಭೂತಗನ್ನಡಿಯಲ್ಲಿ ಅಂಚು ನೋಡಿದರೆ ಒಂದೇ ಪದರ! ಇನ್‌ಸ್ಪೆಕ್ಟರ್ ದಾಖಲೆಯನ್ನು ಮತ್ತೊಮ್ಮೆ ಓದಿದ. ಯಾರೋ ಮೇಲಿನ ಪದರ ಸುಲಿದು, ಕೆಳಗೆ ಇಳಿದಿದ್ದ ಮಸಿಯನ್ನೇ ಚಿತ್ರವೆಂದು ಒಪ್ಪಿಸಿದ್ದರು. ತೆಳುಮಸಿಯ ಮುದುಕ ಕೆಳಗಿನವರೆಗೆ ಇಳಿದೇ ಇರಲಿಲ್ಲ.

"ಹೀಗೆ ಸುಲಿಯೋ ಕೈ ಊರಲ್ಲಿ ಎಷ್ಟಿವೆ?"

"ಒಂದೇ." ಆಕೆ ದಾಖಲೆ ಪುಸ್ತಕ ಮುಚ್ಚಿದಳು. "ರಿಪೇರಿಗೆ ಅಂತ ಅವರ ಹತ್ರಾನೇ ಇತ್ತು. ವಾಪಸ್ ಬಂದು ಹತ್ತು ದಿನ, ಪೆಟ್ಟಿಗೆ ಬಿಚ್ಚಿದ್ದು ಇವತ್ತೇ. ಛೇ, ನಂಗೆ ಕೆಲಸ ಕಲಿಸಿದವ್ರು ಸಾರ್ ಅವ್ರು!"

4.15ಕ್ಕೆ ಕಾಗದ ರಿಪೇರಿಯ ಅಜ್ಜನ ಮನೆ. ಕಿಟಕಿಯ ಎದುರು ಗೋಡೆಯ ಮೇಲೆ ಸುಲಿದ ಪದರ: ಕಪ್ಪಗೆ ಮಿನುಗುವ ಬೆಟ್ಟ, ತೊರೆ, ಸೇತುವೆ.

"ಸಿಕ್ದ ಸಾರ್ ಮುದುಕ!" ಕಾನ್‌ಸ್ಟೆಬಲ್ ಕುಣಿದೇಬಿಟ್ಟ.

"ವಾಪಸ್ ಕೊಟ್ಟ ಕಾಗದದ ಮೇಲೂ ಒಬ್ಬ ಮುದುಕನ್ನ ಬರೆದಿದ್ರೆ ಸಿಕ್ಕಿಬೀಳ್ತಿರ್ಲಿಲ್ವಲ್ಲ?" ಇನ್‌ಸ್ಪೆಕ್ಟರ್ ಅಜ್ಜನನ್ನು ಕೇಳಿದ.

"ತೂತು ಮುಚ್ಚೋದು ನಮ್ಮ ಕೆಲಸ. ಇನ್ನೊಬ್ರ ಚಿತ್ರದ ಮೇಲೆ ಗೆರೆ ಎಳೆಯೋದಲ್ಲ!" ಅಜ್ಜ ಸಿಡುಕಿದ.

"ನಿಮ್ಮ ಶಿಷ್ಯೆ ಜೈಲಿಗೆ ಹೋಗ್ತಿದ್ಲು."

ಅಜ್ಜ ತಾನೇ ಚಿತ್ರವನ್ನು ಗೋಡೆಯಿಂದ ಇಳಿಸಿಕೊಟ್ಟ. "ಯಾರೂ ಗಮನಿಸಲ್ಲ ಅಂದ್ಕೊಂಡಿದ್ದೆ. ಅವಳು ಅಷ್ಟು ನೋಡ್ತಾಳೆ ಅಂತ ಗೊತ್ತಿರ್ಲಿಲ್ಲ."

5.05ಕ್ಕೆ ದಸ್ತಗಿರಿ. ಹೇಳಿಕೆಯ ಕೊನೆಗೆ ಅಜ್ಜ ಬರೆಸಿದ್ದು ಇಷ್ಟು: "ನಲವತ್ತು ವರ್ಷ ಎಲ್ಲವನ್ನೂ ಸರಿಮಾಡಿ, ಸುತ್ತಿ, ಪೆಟ್ಟಿಗೆಗೆ ಹಾಕಿ ಕಳಿಸಿದೆ. ಒಂದನ್ನಾದರೂ ಬೆಳಗಿನ ಬೆಳಕಲ್ಲಿ ಕೂತು ನೋಡಬೇಕೆನಿಸಿತು. ಹತ್ತು ಬೆಳಿಗ್ಗೆ ನೋಡಿದೆ. ಸಾಕಾಗಲಿಲ್ಲ."